ಅರ್ಕಾವತ್ತಿನ ಒಂಬತ್ತು

ಗಗನಾಳ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಇದ್ದದ್ದು ಕೆಟ್ಟು ಎರಡು ವರ್ಷವಾಗಿತ್ತು, ಫೆಲೋಶಿಪ್ ನಿಂತು ಒಂದು ವರ್ಷ. ಹೀಗಾಗಿ ಅವಳ ಪಿಎಚ್‌ಡಿ ಒಂದು ಪೆನ್‌ಡ್ರೈವ್, ಪರದೆ ಬಿರುಕು ಬಿಟ್ಟ ಒಂದು ಫೋನು ಮತ್ತು ದೆಹಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎರಡನೇ ಮಹಡಿಯ ಹದಿನಾಲ್ಕನೇ ನಂಬರಿನ ಕಂಪ್ಯೂಟರು, ಇಷ್ಟರಲ್ಲೇ ನಡೆಯುತ್ತಿತ್ತು.

ಗ್ರಂಥಾಲಯದ ಕಂಪ್ಯೂಟರುಗಳಲ್ಲಿ ಹೊಸ ತಂತ್ರಾಂಶ ಹಾಕಲು ಬಿಡುವುದಿಲ್ಲ. ಎದ್ದು ಹೋದರೆ ಅದರಲ್ಲಿ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಅವಳು ನಂಬಿಕೊಂಡಿದ್ದದ್ದು ಒಂದು ಉಚಿತ ಜಾಲತಾಣವನ್ನು. ಅದರ ಎಡಗಡೆ ಅಳತೆಗಳು: ಎಕರೆಯಿಂದ ಹೆಕ್ಟೇರಿಗೆ, ಗುಂಟೆಯಿಂದ ಚದರ ಅಡಿಗೆ, ಬೀಘಾದಿಂದ ಎಲ್ಲಿಗೆ ಬೇಕೋ ಅಲ್ಲಿಗೆ. ಬಲಗಡೆ ಕಡತಗಳು: ವರ್ಡ್‌ನಿಂದ ಪಿಡಿಎಫ್‌ಗೆ, ದೊಡ್ಡದರಿಂದ ಚಿಕ್ಕದಕ್ಕೆ, ಕನ್ನಡದ ಹಳೆಯ ಫಾಂಟುಗಳಿಂದ ಯೂನಿಕೋಡಿಗೆ. ಮಧ್ಯೆ ಮಂಡಿನೋವಿನ ಎಣ್ಣೆಯ ಜಾಹೀರಾತು. ಒಮ್ಮೆ ಸುಮ್ಮನೆ ಅಳತೆಯ ಕಡೆ 'ಕೊಳಗ' ಎಂದು ಬರೆದು ನೋಡಿದ್ದಳು. 'ಕಿಲೋಗ್ರಾಂ ಎಂದು ಬರೆಯಲು ಹೊರಟಿರಾ?' ಎಂದು ಕೇಳಿತ್ತು. ಅವಳು ಆರು ವರ್ಷದಿಂದ ಬರೆಯುತ್ತಿದ್ದದ್ದೇ ಆ ಪ್ರಶ್ನೆಗೆ ಉತ್ತರವನ್ನು.

ಹೊಸದುರ್ಗದ ಕಡೆಯ ಮಲ್ಲೇನಹಳ್ಳಿಯಲ್ಲಿ ಹಿಂದೆ ಹೊಲದ ಅಳತೆ ಎಂದರೆ ಅದಕ್ಕೆ ಹಿಡಿಯುವ ಬೀಜದ ಅಳತೆ. ನಾಲ್ಕು ಬಳ್ಳಕ್ಕೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಊರಿನ ಶಾನುಭೋಗರ ಮನೆಯಲ್ಲಿ ನೂರೈವತ್ತು ವರ್ಷದ ಹಿಂದಿನ ಬಿತ್ತನೆ ಪಟ್ಟಿ ಸಿಕ್ಕಿತ್ತು. ಅರವತ್ತನಾಲ್ಕು ಪುಟ, ಪುಟಕ್ಕೆ ಇಪ್ಪತ್ತು ಹೊಲ, ಪ್ರತಿ ಪುಟದ ಕೊನೆಗೆ ಮೊತ್ತ. ಯಾವ ಹೊಲ ಎಷ್ಟು ಬೀಜ ನುಂಗುತ್ತಿತ್ತು ಎಂಬುದರಿಂದ ಯಾವ ಮಣ್ಣು ಎಂಥದಿತ್ತು ಎಂದು ಹೇಳಬಹುದು ಎಂಬುದು ಗಗನಾಳ ವಾದ. ಪ್ರಬಂಧದ ನಾಲ್ಕನೇ ಅಧ್ಯಾಯ ನಿಂತಿದ್ದದ್ದು ಆ ಪಟ್ಟಿಯ ಮೇಲೆ. ಪಟ್ಟಿ ಕನ್ನಡದಲ್ಲೇ, ಕನ್ನಡ ಅಂಕಿಗಳಲ್ಲೇ, ಅನುಬಂಧವಾಗಿ ಕೊನೆಗೆ ಬರಬೇಕಿತ್ತು. ಗುರುವಾರ ಸಂಜೆ ಐದರೊಳಗೆ ಎಲ್ಲ ಸೇರಿಸಿ, ಹತ್ತು ಎಂಬಿ ದಾಟದ ಒಂದೇ ಪಿಡಿಎಫ್ ಮಾಡಿ ಏರಿಸಬೇಕು. ಮೂರು ಸಲ ಗಡುವು ಮುಂದೂಡಿಸಿಕೊಂಡು ಆಗಿತ್ತು. ನಾಲ್ಕನೇ ಸಲವಿಲ್ಲ, ದಾಟಿದರೆ ನೋಂದಣಿ ರದ್ದು.

ಸೋಮವಾರ ಬೆಳಗ್ಗೆ ಅವಳು ಪಟ್ಟಿಯನ್ನು ಯೂನಿಕೋಡಿಗೆ ಪರಿವರ್ತಿಸಿದಳು. ಅದನ್ನು ಟೈಪು ಮಾಡಿದ್ದು ಹೊಸದುರ್ಗದ ಮಹಂತೇಶ್, ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡುತ್ತಲೇ ತಲೆ ನರೆತ ಮನುಷ್ಯ. ಪರಿವರ್ತನೆಯಾಗಿ ಬಂದದ್ದನ್ನು ನೋಡಿದರೆ ಅರ್ಕಾವತ್ತು ಇರಬೇಕಾದಲ್ಲೆಲ್ಲ ಒಂಬತ್ತಿನ ಅಂಕಿ ಕುಳಿತಿತ್ತು. ವರ್ಷ ಎಂಬುದು 'ವಷ೯', ದುರ್ಗ ಎಂಬುದು 'ದುಗ೯'. ಕಣ್ಣಿಗೆ ತಪ್ಪು ಕಾಣುವುದಿಲ್ಲ. ಎರಡರ ಆಕಾರವೂ ಹೆಚ್ಚುಕಡಿಮೆ ಒಂದೇ. ಆದರೆ ಹುಡುಕಲು ಹೋದರೆ 'ದುರ್ಗ' ಸಿಗುವುದಿಲ್ಲ. ಇದಕ್ಕೂ ಆ ತಾಣದಲ್ಲಿ ಒಂದು ಚೌಕವಿತ್ತು: 'ಅರ್ಕಾವತ್ತು ಸರಿಪಡಿಸು'. ಇಂಥ ತಪ್ಪು ಮಾಡುವವನು ಮಹಂತೇಶ್ ಒಬ್ಬನೇ ಅಲ್ಲ ಎಂದಾಯಿತು. ಅವಳು ಚೌಕಕ್ಕೆ ಗುರುತು ಹಾಕಿ ಗುಂಡಿ ಒತ್ತಿದಳು. ಹತ್ತು ಸೆಕೆಂಡಿನಲ್ಲಿ ವರ್ಷ ವರ್ಷವಾಯಿತು, ದುರ್ಗ ದುರ್ಗವಾಯಿತು. ಹಳೆಯ ಕಡತದ ಹೆಸರಿನಲ್ಲೇ ಪೆನ್‌ಡ್ರೈವಿಗೆ ಇಳಿಸಿದಳು. 'ಇದೇ ಹೆಸರಿನ ಕಡತವಿದೆ, ಅದರ ಜಾಗಕ್ಕೆ ಹಾಕಲೇ?' ಎಂದಿತು. ಹಾಕು ಎಂದಳು.

ಮಂಗಳವಾರ ಬೆಳಗ್ಗೆ ಅಚ್ಚು ಹಾಕಿಸಿದ ಅರವತ್ತನಾಲ್ಕು ಹಾಳೆ ಹಿಡಿದು ವಸಂತ್ ಕುಂಜ್‌ಗೆ ಹೋದಳು. ಅಲ್ಲಿ ಸಿ ಸೆಕ್ಟರಿನ ಮೂರನೇ ಮಹಡಿಯಲ್ಲಿ ವೆಂಕಟಸುಬ್ಬಯ್ಯನವರ ಮನೆ. ಕೇಂದ್ರ ಸರ್ಕಾರದ ಒಂದು ಅಂಕಿಅಂಶ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕನ್ನಡದ ಕರಡು ತಿದ್ದಿಕೊಡುತ್ತೇನೆ ಎಂದು ತಾವೇ ಮುಂದೆ ಬಂದಿದ್ದರು. ಸಂಬಳವಿಲ್ಲ, ಬೈಗುಳ ಉಚಿತ.

ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೆಂಪು ಪೆನ್ನು ಹಿಡಿದು ಕುಳಿತರು. ಕೂಲರ್ ಗಾಳಿಗೆ ಹಾಳೆ ಹಾರದಂತೆ ಅವರ ಹೆಂಡತಿ ಲೀಲಾವತಿ ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟರು.

"ಅರ್ಕಾವತ್ತೆಲ್ಲ ಸರಿಯಾಗಿದೆ. ಭೇಷ್," ಎಂದರು ವೆಂಕಟಸುಬ್ಬಯ್ಯ. ಅಲ್ಲಿಗೆ ಬಿಟ್ಟಿದ್ದರೆ ಅಕ್ಷರ ತಿದ್ದುವ ಕೆಲಸ ಮುಗಿಯುತ್ತಿತ್ತು. ಆದರೆ ಮೊತ್ತ ಎಂಬ ಮಾತು ಕಂಡರೆ ಕೂಡಿ ನೋಡದೆ ಬಿಡುವ ಜೀವವಲ್ಲ ಅವರದು. ಮೊದಲ ಪುಟ ಕೂಡಿದರು. ಎರಡನೆಯದು ಕೂಡಿದರು. ಕನ್ನಡಕ ತೆಗೆದರು.

"ಏನಮ್ಮಾ, ನಿಮ್ಮ ಶಾನುಭೋಗರಿಗೆ ಕೂಡೋಕೆ ಬರ್ತಿರ್ಲಿಲ್ವಾ?"

"ಶಾನುಭೋಗರು ಬೇಕಂತ ತಪ್ಪು ಮಾಡ್ತಾರೆ ಅಂಕಲ್, ಬರದೆ ಮಾಡಲ್ಲ."

"ಹಾಗಾದ್ರೆ ಇದು ಬೇಕಂತಲೇ ಮಾಡಿದ್ದು. ಮೊದಲ ಪುಟದಲ್ಲೇ ಇಪ್ಪತ್ತೇಳು ಕೊಳಗ ಕಮ್ಮಿ ಬರ್ತಿದೆ. ಬೀಜ ಯಾರು ತಿಂದ್ರು?"

ಗಗನಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಅಲ್ಲಲ್ಲಿ ಪಟ್ಟಿಯ ಕೆಲವು ಮನೆಗಳು ಖಾಲಿ ಇದ್ದವು. ಶಾನುಭೋಗರು ಏನೂ ಇಲ್ಲದ ಕಡೆ ಅಡ್ಡಗೆರೆ ಹಾಕುತ್ತಿದ್ದರು, ಖಾಲಿ ಬಿಟ್ಟವರಲ್ಲ. ಏನೋ ಸರಿಯಿಲ್ಲ ಎನಿಸಿತು, ಏನೆಂದು ಮಾತ್ರ ಹೊಳೆಯಲಿಲ್ಲ. ಹೇಳಿದ್ದು ಲೀಲಾವತಿ. ಮಜ್ಜಿಗೆ ತಂದಿಡುತ್ತ, ಎದುರಿನಿಂದ ತಲೆಕೆಳಗಾಗಿ ಕಾಣುತ್ತಿದ್ದ ಕ್ರಮಸಂಖ್ಯೆಯ ಸಾಲನ್ನು ಮಕ್ಕಳಂತೆ ಗಟ್ಟಿಯಾಗಿ ಓದಿದರು.

"ಏಳು, ಎಂಟು, ಹತ್ತು... ಹದಿನೆಂಟು, ಒಂದು, ಇಪ್ಪತ್ತು. ಇದೇನೇ ಇದು, ಈ ಊರಲ್ಲಿ ಒಂಬತ್ತೇ ಇಲ್ವಾ?"

ಮೂವರೂ ಒಂದೊಂದು ಹಾಳೆ ಎತ್ತಿಕೊಂಡು ಹುಡುಕಿದರು. ಅರವತ್ತನಾಲ್ಕು ಪುಟದಲ್ಲಿ ಎಲ್ಲೂ ಒಂದು ಒಂಬತ್ತು ಇರಲಿಲ್ಲ.

ಗಗನಾ ಬಾಲ್ಕನಿಗೆ ಹೋಗಿ ಮಹಂತೇಶ್‌ಗೆ ಫೋನು ಮಾಡಿದಳು.

"ಅದಾ?" ಎಂದ ಆತ, ತೀರಾ ಸಾಮಾನ್ಯದ ಮಾತೆಂಬಂತೆ. "ನನ್ನ ಹಳೇ ಟೈಪ್‌ರೈಟರ್‌ನಾಗೆ ಅರ್ಕಾವತ್ತಿನ ಕೀಲಿ ಮುರಿದೋಗಿತ್ತು ತಂಗಿ. ಒಂಬತ್ತು ಒತ್ತಿದ್ರೆ ಹಂಗೇ ಕಾಣ್ತಿತ್ತು. ಹದಿನೆಂಟು ವರ್ಷ ಹಂಗೇ ಒತ್ತಿದೀನಿ. ಕಂಪ್ಯೂಟರ್ ಬಂದ ಮೇಲೂ ಬೆರಳು ಅಲ್ಲಿಗೇ ಹೋಗ್ತದೆ. ಯಾವ ತಹಸೀಲ್ದಾರ್ರೂ ಏನೂ ಅಂದಿಲ್ಲಪ್ಪ."

"ಕಣ್ಣಿಗೆ ಎರಡೂ ಒಂದೇ ಮಹಂತೇಶಣ್ಣ. ಯಂತ್ರಕ್ಕೆ ಬೇರೆ ಬೇರೆ."

"ಯಂತ್ರಕ್ಕೆ ಕಣ್ಣಿಲ್ಲ ಅನ್ನು."

"ನಿಮ್ಮ ಹತ್ರ ಆ ಪಟ್ಟಿ ಇನ್ನೊಂದು ಪ್ರತಿ ಇದೆಯಾ?"

"ಯುಗಾದಿಗೆ ಮುಂಚೆ ಕಂಪ್ಯೂಟರ್ ಕೆಟ್ಟಿತ್ತು ತಂಗಿ. ರಿಪೇರಿಯೋರು ಎಲ್ಲಾ ಒರೆಸಿ ಹಾಕಿಬಿಟ್ರು. ನಿನ್ನತ್ರ ಐತಲ್ಲ ಅಂತ ನಾನೂ ಸುಮ್ನಾದೆ."

ಆಗಿದ್ದು ಇಷ್ಟು. ಆ ತಾಣದ ಯಂತ್ರ ಒಂಬತ್ತು ಕಂಡಲ್ಲೆಲ್ಲ ಅದರ ಹಿಂದಿನ ಅಕ್ಷರ ನೋಡಿ ಅರ್ಕಾವತ್ತು ಮಾಡಿತ್ತು. ಹಿಂದೆ ಅಕ್ಷರವಿಲ್ಲದೆ ಅಂಕಿ ಇದ್ದರೆ, ಅಥವಾ ಏನೂ ಇಲ್ಲದಿದ್ದರೆ, ಇದು ಯಾರಿಗೂ ಸೇರದ ಕಸ ಎಂದು ಎಸೆದಿತ್ತು. ೯ ಇದ್ದ ಮನೆ ಖಾಲಿಯಾಗಿತ್ತು, ೧೯ ಇದ್ದದ್ದು ೧ ಆಗಿತ್ತು. ಮೂಲ ಪಟ್ಟಿಯನ್ನು ಮತ್ತೆ ನೋಡೋಣವೆಂದರೆ ಅದಕ್ಕೆ ಗೆದ್ದಲು ಹತ್ತಿ, ಶಾನುಭೋಗರ ಮನೆಯವರು ಹೋದ ವರ್ಷ ಸುಟ್ಟುಹಾಕಿದ್ದರು. ಅದರ ಚಿತ್ರಗಳಿದ್ದ ಅವಳ ಹಳೆಯ ಫೋನು ರಾಜೀವ್ ಚೌಕ್ ಮೆಟ್ರೋದ ನೂಕುನುಗ್ಗಲಿನಲ್ಲಿ ಯಾರದೋ ಪಾಲಾಗಿತ್ತು. ಮಹಂತೇಶ್ ಕಡತ ಕಳಿಸಿದ್ದೂ ಆ ಫೋನಿಗೇ. ಜಗತ್ತಿನಲ್ಲಿ ಉಳಿದಿದ್ದ ಒಂದೇ ಒಂದು ಸರಿಯಾದ ಪ್ರತಿಯ ಮೇಲೆ ಅವಳೇ ತನ್ನ ಕೈಯಾರೆ ತಪ್ಪು ಪ್ರತಿ ಕೂರಿಸಿದ್ದಳು.

ಅಳಬಹುದಿತ್ತು. ಆದರೆ ಮಂಗಳವಾರ ಹನ್ನೊಂದೂವರೆಯಾಗಿತ್ತು, ಗುರುವಾರ ಐದಕ್ಕೆ ಐವತ್ಮೂರೂವರೆ ಗಂಟೆ ಉಳಿದಿತ್ತು. ಅವಳು ಆಟೋ ಹಿಡಿದು ವಿಭಾಗಕ್ಕೆ ಹೋಗಿ ಗೈಡ್ ಅಮಿತಾ ಅವರ ಬಾಗಿಲು ತಟ್ಟಿದಳು. ತಾಯಿತಂದೆ ಶಿವಮೊಗ್ಗದವರು, ಅಮಿತಾ ಹುಟ್ಟಿ ಬೆಳೆದದ್ದು ದೆಹಲಿಯಲ್ಲಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಪೂರ್ತಿ ಕೇಳಿಸಿಕೊಂಡು ಅವರು ಕುರ್ಚಿಗೆ ಒರಗಿದರು.

"ಅಚ್ಛಾ. ಸೋ ಅಪೆಂಡಿಕ್ಸ್ ತೆಗೆದುಬಿಡು."

"ಮೇಡಂ?"

"ಅರೆ ಬಾಬಾ, ಅಪೆಂಡಿಕ್ಸ್ ಯಾರೂ ಓದಲ್ಲ. ಮನುಷ್ಯನ ಹೊಟ್ಟೆಯಿಂದಲೇ ತೆಗೀತಾರೆ. ತೆಗಿ, ಸಬ್ಮಿಟ್ ಮಾಡು, ಬಾತ್ ಖತಮ್."

"ನಾಲ್ಕನೇ ಅಧ್ಯಾಯ ಅದರ ಮೇಲೆ ನಿಂತಿದೆ ಮೇಡಂ. ಅದನ್ನ ತೆಗೆದ್ರೆ ನಾನು ಹೇಳೋದನ್ನ ಯಾಕೆ ನಂಬಬೇಕು?"

"ಹಾಗಾದ್ರೆ ಖಾಲಿ ಜಾಗಕ್ಕೆ ಒಂಬತ್ತು ತುಂಬು. ಕಳೆದಿರೋದು ಬರೀ ಒಂಬತ್ತೇ ಅಲ್ವಾ? ಯಾವ ಅಂಕಿ ಅಂತ ಗೊತ್ತಿದೆ. ಇಷ್ಟು ಅದೃಷ್ಟ ಯಾರಿಗಿರತ್ತೆ?"

"ಯಾವ ಅಂಕಿ ಅಂತ ಗೊತ್ತು. ಎಲ್ಲಿ ಇತ್ತು ಅಂತ ಗೊತ್ತಿಲ್ಲ. ಈಗ ಒಂದು ಅಂತ ಇರೋದು ನಿಜವಾಗಿ ಒಂದೇ ಇರಬಹುದು, ಹತ್ತೊಂಬತ್ತಿರಬಹುದು, ತೊಂಬತ್ತೊಂದಿರಬಹುದು..."

ಅಲ್ಲಿಗೆ ಅವಳ ಬಾಯಿ ನಿಂತಿತು.

"ಏನಾಯ್ತು?"

"ತೊಂಬತ್ತೊಂದು ಆಗೋಕಾಗಲ್ಲ," ಎಂದಳು ಗಗನಾ. "ಇಪ್ಪತ್ತಾದ್ರೆ ಖಂಡುಗ. ಕೊಳಗದ ಮನೆಯಲ್ಲಿ ಹತ್ತೊಂಬತ್ತು ದಾಟೋದೇ ಇಲ್ಲ."

ಅಮಿತಾ ಅವಳ ಮುಖವನ್ನೇ ನೋಡುತ್ತಿದ್ದರು. "ಗುರುವಾರ ನಾಲ್ಕಕ್ಕೆ ನಿನ್ನ ಫಾರ್ಮಿಗೆ ಸೈನ್ ಹಾಕಿ ನಾನು ಏರ್‌ಪೋರ್ಟಿಗೆ ಹೊರಡ್ತೀನಿ. ನಾಲ್ಕು ಅಂದ್ರೆ ನಾಲ್ಕು. ಚಲೋ, ಓಡು."

ಓಡಿದಳು. ಮೆಟ್ಟಿಲಿಳಿಯುವಾಗಲೇ ಲೆಕ್ಕ ಸ್ಪಷ್ಟವಾಗಿತ್ತು. ನೂರು, ಇನ್ನೂರು ಎಂದು ಏರುತ್ತಲೇ ಹೋಗುವ ಕಿಲೋಗ್ರಾಂ ಅಳತೆಯಾಗಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತಕ್ಕೆ ಮಗುಚಿಕೊಳ್ಳುವ ಹಳೆಯ ಕೊಳಗ ಅವಳನ್ನು ಉಳಿಸಿತು. ಕೊಳಗದ ಮನೆಯಲ್ಲಿ ಒಂಬತ್ತು ಬರಬಹುದಾದದ್ದು ಎರಡೇ ಕಡೆ, ೯ ಮತ್ತು ೧೯. ಖಾಲಿ ಮನೆ ಎಂದರೆ ೯, ಅನುಮಾನವಿಲ್ಲ. ೧ ಎಂದಿದ್ದರೆ ಅದು ೧ ಅಥವಾ ೧೯. ಎರಡಕ್ಕೂ ವ್ಯತ್ಯಾಸ ಹದಿನೆಂಟು. ಖಾಲಿ ಮನೆಗಳನ್ನು ತುಂಬಿದ ಮೇಲೂ ಪುಟದ ಮೊತ್ತಕ್ಕೆ ಹದಿನೆಂಟು ಕಡಿಮೆ ಬಿದ್ದರೆ ಅಲ್ಲೊಂದು ಹತ್ತೊಂಬತ್ತು ಅಡಗಿದೆ ಎಂದರ್ಥ. ಮೊದಲ ಪುಟದಲ್ಲಿ ಕಡಿಮೆ ಬಿದ್ದಿದ್ದ ಇಪ್ಪತ್ತೇಳು ಎಂದರೆ ಒಂದು ಒಂಬತ್ತು, ಒಂದು ಹದಿನೆಂಟು. ಬಳ್ಳದ ಮನೆಯಲ್ಲಿ ಮೂರು ದಾಟುವುದಿಲ್ಲ. ಅಲ್ಲಿ ಏನೂ ಕಳೆದಿರಲಿಲ್ಲ. ಒಂಬತ್ತು ಖಂಡುಗ ಬೀಜ ಹಿಡಿಯುವ ಹೊಲ ಆ ಊರಲ್ಲೇ ಇರಲಿಲ್ಲ.

ವಸಂತ್ ಕುಂಜ್‌ನಲ್ಲಿ ಇದನ್ನು ಹೇಳಿದಾಗ ವೆಂಕಟಸುಬ್ಬಯ್ಯ ಎದ್ದರು. ಒಂದು ಹೊಸ ನೋಟ್‌ಬುಕ್ ತಂದು ಗೆರೆ ಎಳೆಯಲು ಶುರು ಮಾಡಿದರು. ಗೆರೆ ಎಳೆಯದೆ ಅವರು ಏನನ್ನೂ ಶುರು ಮಾಡುವವರಲ್ಲ.

"ಕ್ಯಾಲ್ಕುಲೇಟರ್ ಕೊಡ್ಲಾ ಅಂಕಲ್?"

"ನಿನ್ನ ಕ್ಯಾಲ್ಕುಲೇಟರ್‌ಗೆ ಖಂಡುಗ ಗೊತ್ತಾ?"

ಗೊತ್ತಿರಲಿಲ್ಲ. ಹಾಗಾಗಿ ಬಾಯಲ್ಲೇ ಕೂಡಿದರು. ಗಗನಾ ಓದುವುದು, ಅವರು ಕೂಡುವುದು, ಲೀಲಾವತಿ ಮತ್ತೊಮ್ಮೆ ಕೂಡುವುದು. ಇಬ್ಬರ ಮೊತ್ತ ಒಂದೇ ಬಂದರೆ ಮುಂದಿನ ಪುಟ. ಬಾರದಿದ್ದರೆ ಜಗಳ. ಎಂಟು ಸಲ ಜಗಳವಾಯಿತು. ಐದು ಸಲ ಲೀಲಾವತಿಯದೇ ಸರಿಯಿತ್ತು.

"ಮೂವತ್ತನಾಲ್ಕು ವರ್ಷ ಈ ದೇಶದ ಅಂಕಿಅಂಶ ಇವರ ಕೈಯಲ್ಲಿತ್ತು ನೋಡು," ಎಂದರು ಲೀಲಾವತಿ. "ದೇಶ ಹೀಗಿರೋದು ಯಾಕೆ ಅಂತ ಈಗ ಗೊತ್ತಾಯ್ತಾ?"

"ನೀನು ಹಿಂದಿನಿಂದ ಮುಂದಕ್ಕೆ ಕೂಡ್ತೀಯ. ಅದು ಪದ್ಧತಿ ಅಲ್ಲ."

"ಪದ್ಧತಿ ನಿಮ್ಮದು, ಉತ್ತರ ನನ್ನದು. ಓದೇ ಗಗನಾ, ಹದಿನೇಳನೇ ಪುಟ."

ಮಂಗಳವಾರ ಕತ್ತಲಾಗುವ ಹೊತ್ತಿಗೆ ಇಪ್ಪತ್ತಾರು ಪುಟ ಮುಗಿದಿತ್ತು. ಬುಧವಾರ ಬೆಳಗ್ಗೆ ಏಳಕ್ಕೇ ಬಂದು ಕುಳಿತಳು. ಖಾಲಿ ಮನೆಗಳು ಒಟ್ಟು ನೂರ ಮೂವತ್ತೊಂದು. ಎಲ್ಲಕ್ಕೂ ೯ ಹಾಕಿಯಾಯಿತು. ಒಂದು ಎಂದು ಕಾಣುತ್ತಿದ್ದ ಮನೆಗಳು ನೂರ ಹದಿನೆಂಟು. ಅದರಲ್ಲಿ ನಿಜವಾದ ಒಂದು ಯಾವುದು, ಹತ್ತೊಂಬತ್ತು ಯಾವುದು ಎಂಬುದೇ ಕೆಲಸ. ಪುಟದಲ್ಲಿ ಒಂದೇ ಒಂದು ೧ ಇದ್ದು ಹದಿನೆಂಟು ಕಡಿಮೆ ಬಿದ್ದರೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಎರಡಿದ್ದು ಮೂವತ್ತಾರು ಕಡಿಮೆ ಬಿದ್ದರೂ ಹಾಗೆಯೇ. ಮೊತ್ತದ ಅಂಕಿಯಲ್ಲೇ ಒಂಬತ್ತು ಬಿದ್ದುಹೋಗಿದ್ದ ಕಡೆ, ಶಾನುಭೋಗರು ಮುಂದಿನ ಪುಟದಲ್ಲಿ ಬರೆದ ಅಲ್ಲಿಯವರೆಗಿನ ಒಟ್ಟು ಮೊತ್ತ ದಾರಿ ತೋರಿಸಿತು. ಸತ್ತು ನೂರು ವರ್ಷ ದಾಟಿದ ಆ ಮನುಷ್ಯ ಒಂದು ಕಡೆಯೂ ತಪ್ಪು ಕೂಡಿರಲಿಲ್ಲ.

"ಇಂಥವನೊಬ್ಬ ನನ್ನ ಸೆಕ್ಷನ್ನಲ್ಲಿ ಇದ್ದಿದ್ರೆ..." ಎಂದರು ವೆಂಕಟಸುಬ್ಬಯ್ಯ.

"ನಿಮಗೆ ಪ್ರಮೋಷನ್ ಸಿಗ್ತಿರ್ಲಿಲ್ಲ," ಎಂದರು ಲೀಲಾವತಿ.

ಬುಧವಾರ ಸಂಜೆಗೆ ಏಳು ಪುಟ ಉಳಿದವು. ಪ್ರತಿ ಪುಟಕ್ಕೂ ಹದಿನೆಂಟು ಕಡಿಮೆ, ಅಂದರೆ ಒಂದೊಂದು ಹತ್ತೊಂಬತ್ತು. ಆದರೆ ಐದು ಪುಟದಲ್ಲಿ ಎರಡೆರಡು ೧ ಇದ್ದವು, ಎರಡು ಪುಟದಲ್ಲಿ ಮೂರು ಮೂರು. ಹದಿನಾರು ಹೊಲ, ಏಳು ಹತ್ತೊಂಬತ್ತು. ಯಾವ ಹೊಲದ್ದು ಎಂದು ಹೇಳಲು ಮೊತ್ತಕ್ಕೆ ಬಾಯಿಲ್ಲ. ಯಾವುದರ ಮೇಲೆ ಹಾಕಿದರೂ ಮೊತ್ತ ಸರಿಯಾಗುತ್ತದೆ. ತೊಂದರೆಯೇ ಅದು.

ಗುರುವಾರ ಬೆಳಗ್ಗೆ ಮತ್ತೆ ಕುಳಿತರು. ಹೊಲದ ಹೆಸರು ನೋಡಿದರು, ಪಕ್ಕದ ಹೊಲ ನೋಡಿದರು. ಹನ್ನೊಂದಕ್ಕೆ ವೆಂಕಟಸುಬ್ಬಯ್ಯ ಪೆನ್ನಿಗೆ ಮುಚ್ಚಳ ಹಾಕಿದರು.

"ನೋಡಮ್ಮಾ, ಇಲ್ಲಿ ಒಂದು 'ಹಿರೇಹೊಲ', ಇನ್ನೊಂದು 'ಮೂಲೆಹೊಲ'. ಹಿರೇದಕ್ಕೆ ಹತ್ತೊಂಬತ್ತು ಹಾಕು, ಮೂಲೇದಕ್ಕೆ ಒಂದು ಬಿಡು. ಉಳಿದದ್ದಕ್ಕೂ ಹೀಗೇ ಅಂದಾಜು ಮಾಡು. ನಾವು ಆಫೀಸಲ್ಲಿ ಮಾಡ್ತಿದ್ದದ್ದೂ ಇದೇ. ಮೊತ್ತ ಸರಿ ಇದ್ರೆ ಯಾರೂ ಕೇಳಲ್ಲ."

"ದೊಡ್ಡ ಹೊಲಕ್ಕೆ ಬೀಜ ಜಾಸ್ತಿ ಅಂತ ನೀವು ಅನ್ಕೊಂಡಿದೀರಿ ಅಂಕಲ್. ಹೌದಾ ಅಲ್ವಾ ಅನ್ನೋದೇ ನನ್ನ ಥೀಸಿಸ್."

"ಸಾವಿರದ ಇನ್ನೂರ ಎಂಬತ್ತು ಹೊಲದಲ್ಲಿ ಏಳು. ಏನಾಗತ್ತೆ?"

"ಏನೂ ಆಗಲ್ಲ."

"ಮತ್ತೆ?"

"ಖಾಲಿ ಬಿಡ್ತೀನಿ. ಹದಿನಾರನ್ನೂ."

"ಖಾಲಿ ಬಿಟ್ರೆ ಪರೀಕ್ಷಕ ಕೇಳ್ತಾನೆ, ಕಳೆದದ್ದು ಹೇಗೆ ಅಂತ. ನಾನೇ ಗುಂಡಿ ಒತ್ತಿ ಅಳಿಸಿದೆ ಅಂತ ಹೇಳ್ತೀಯಾ?"

"ಹೇಳ್ತೀನಿ."

ಅವರು ಹೆಂಡತಿಯ ಕಡೆ ನೋಡಿದರು. ಲೀಲಾವತಿ ಅವರ ಕಡೆ ನೋಡಲಿಲ್ಲ; ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದರು. "ದಾರೀಲಿ ತಿನ್ನು," ಎಂದು ಗಗನಾಳ ಚೀಲಕ್ಕೆ ತುರುಕಿದರು. "ಆ ಕಂಪ್ಯೂಟರ್ ಹತ್ರ ಮಾತ್ರ ತಿನ್ನಬೇಡ, ಅದು ಚಿತ್ರಾನ್ನಕ್ಕೂ ಅರ್ಕಾವತ್ತು ಹಾಕೀತು."

ಹನ್ನೆರಡೂವರೆಗೆ ಹದಿನಾಲ್ಕನೇ ಕಂಪ್ಯೂಟರಿನ ಮುಂದೆ ಕುಳಿತಳು. ನೋಟ್‌ಬುಕ್ಕು ನೋಡಿ ಒಂದೊಂದೇ ಒಂಬತ್ತನ್ನು ಕೈಯಿಂದ ಹಾಕಿದಳು. ಹದಿನಾರು ಮನೆಗಳಲ್ಲಿದ್ದ ೧ ಅಳಿಸಿ ನಕ್ಷತ್ರದ ಗುರುತಿಟ್ಟಳು. ನಾಲ್ಕನೇ ಅಧ್ಯಾಯದ ಮಣ್ಣಿನ ನಕ್ಷೆಯಲ್ಲಿ ಆ ಹದಿನಾರು ಹೊಲಗಳ ಬಣ್ಣ ತೆಗೆದು ಬಿಳಿ ಬಿಟ್ಟಳು. ಬಿಳಿ ತೇಪೆಗಳು ಚೆನ್ನಾಗಿ ಕಾಣುತ್ತಿರಲಿಲ್ಲ. ಚೆನ್ನಾಗಿ ಕಾಣಬೇಕಾಗಿಯೂ ಇಲ್ಲ ಎಂದುಕೊಂಡಳು.

ಮೂರು ಗಂಟೆಗೆ ಅದೇ ತಾಣ ತೆರೆದಳು. ಬೇರೆ ದಾರಿಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಅದು ಹೇಳಿದ್ದನ್ನು ಮಾಡಿತ್ತು. ಈ ಸಲ ಯಾವ ಚೌಕಕ್ಕೂ ಗುರುತು ಹಾಕಲಿಲ್ಲ, ಮೂಲಕ್ಕೆ ಬೇರೆ ಹೆಸರಿಟ್ಟಳು, ಒಂದು ಪ್ರತಿಯನ್ನು ತನಗೇ ಮೇಲ್ ಮಾಡಿಕೊಂಡಳು. ಪರಿವರ್ತಿಸುವ ಮುಂಚೆ ಪಟ್ಟಿಯಲ್ಲಿ ಎಷ್ಟು ಒಂಬತ್ತಿದೆ ಎಂದು ಎಣಿಸಿದಳು, ಪಿಡಿಎಫ್ ಆದ ಮೇಲೆ ಮತ್ತೆ ಎಣಿಸಿದಳು. ಸರಿಯಿತ್ತು. ಎಲ್ಲ ಅಧ್ಯಾಯ ಸೇರಿಸಿದರೆ ಹನ್ನೆರಡು ಎಂಬಿ ಬಂತು. ಕುಗ್ಗಿಸಿದಳು, ಎಂಟೂವರೆಯಾಯಿತು. ಮೂರನೇ ಸಲ ಎಣಿಸಿದಳು. ಸರಿಯಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅಮಿತಾ ತಮ್ಮ ಕೋಣೆಯ ಹೊರಗೆ ಸೂಟ್‌ಕೇಸಿನ ಮೇಲೆ ಫಾರ್ಮ್ ಇಟ್ಟುಕೊಂಡು ಸಹಿ ಹಾಕಿದರು. ಫೋನಿನಲ್ಲಿ ನಕ್ಷೆ ನೋಡಿದರು.

"ಈ ಬಿಳಿ ಏನು?"

"ಗೊತ್ತಿಲ್ಲದ್ದು ಮೇಡಂ."

"ವೈವಾದಲ್ಲಿ ಇದನ್ನೇ ಹಿಡ್ಕೋತಾರೆ, ಗೊತ್ತಲ್ಲ?"

"ಹಿಡ್ಕೊಳ್ಳಲಿ."

ಅಮಿತಾ ಪೆನ್ನು ಚೀಲಕ್ಕೆ ಹಾಕಿ ಲಿಫ್ಟಿನ ಕಡೆ ಹೊರಟರು.

ನಾಲ್ಕು ಇಪ್ಪತ್ತಕ್ಕೆ ಪ್ರಬಂಧ ಏರಿತು. ಪರದೆಯ ಮೇಲೆ ಒಂದು ಸ್ವೀಕೃತಿ ಸಂಖ್ಯೆ ಬಂತು. ಅದರಲ್ಲಿ ಎರಡು ಒಂಬತ್ತಿದ್ದವು. ಗಗನಾ ಅದನ್ನು ಕಾಗದದ ಮೇಲೂ ಬರೆದುಕೊಂಡಳು, ನಂತರ ಹೊರಗೆ ಮೆಟ್ಟಿಲ ಮೇಲೆ ಕುಳಿತು ತಣ್ಣಗಾದ ಚಿತ್ರಾನ್ನ ತಿಂದಳು.

ಅನುಬಂಧದ ಕೊನೆಯ ಪುಟದ ಕೆಳಗೆ, ಅಳಿಸಿದ್ದು ಯಾರು, ಯಾವ ದಿನ, ಹೇಗೆ ಎಂಬುದನ್ನು ಮೂರು ಸಾಲಿನಲ್ಲಿ ಬರೆದ ಮೇಲೆ, ಅವಳು ಸೇರಿಸಿದ್ದ ಟಿಪ್ಪಣಿ ಹೀಗಿತ್ತು: ಕೊಳಗದ ಅಂಕಣದಲ್ಲಿ ಅಳಿಸಿಹೋದ ಒಂಬತ್ತುಗಳು ೨೧೪. ಮರಳಿ ದೊರೆತವು ೨೦೭. ದೊರೆಯದವು ೭. ಇದರಿಂದ ಅಳತೆ ಕಳೆದುಕೊಂಡ ಹೊಲಗಳು ೧೬.